ಕೈ ಮೀರಿದ ಎಳೆ ನಾಯಿಗೆ ಹೊಸ ಮನೆ ಹುಡುಕುವುದು ಹೇಗೆ?

ನಮ್ಮ ಮನೆಯಲ್ಲೊಂದು ಮುಧೋಳ ನಾಯಿ ಇತ್ತು. ಹೆಸರು ಬಾಣ. ಹೆಸರಿಟ್ಟವನು ನನ್ನ ತಮ್ಮ, ತಂದವನೂ ಅವನೇ. ನಮ್ಮ ಬಾಗಲಕೋಟೆ ಸೀಮೆಯ ತಳಿ, ಸೈನ್ಯಕ್ಕೂ ಹೋಗಿದೆ ಅನ್ನುವ ಹೆಮ್ಮೆ ಬೇರೆ. ಎರಡು ತಿಂಗಳ ಮರಿಯಾಗಿದ್ದಾಗ ಅಮ್ಮನ ಮಡಿಲಲ್ಲೇ ನಿದ್ದೆ. ಹತ್ತು ತಿಂಗಳಾಗುವ ಹೊತ್ತಿಗೆ ಬಸವೇಶ್ವರನಗರದ ನಮ್ಮ ಎರಡನೇ ಮಹಡಿಯ ಬಾಡಿಗೆ ಮನೆ ಅವನಿಗೆ ಬೆಂಕಿಪೊಟ್ಟಣ ಆಗಿಬಿಟ್ಟಿತ್ತು. ಮಂಚದಿಂದ ಸೋಫಾಕ್ಕೆ, ಸೋಫಾದಿಂದ ಬಾಲ್ಕನಿಗೆ ಒಂದೇ ನೆಗೆತ. ಬೀದಿಯಲ್ಲಿ ಬೆಕ್ಕು ಕಂಡರೆ ಮುಗಿಯಿತು, ಚೈನ್ ಹಿಡಿದವರ ಭುಜ ಕಿತ್ತು ಬರಬೇಕು. ಮೊಣಕಾಲು ಆಪರೇಷನ್ ಆಗಿದ್ದ ಅಮ್ಮನನ್ನು ಎರಡು ಸಲ ಬೀಳಿಸಿದ. ಅಷ್ಟರಲ್ಲಿ ತಮ್ಮನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಉಳಿದದ್ದು ಅಮ್ಮ, ಬಾಣ, ಮತ್ತು ಬೆಳಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವ ನಾನು.

ಕೊನೆಗೆ ಬಾಣನಿಗೆ ಒಳ್ಳೆಯ ಮನೆಯೇ ಸಿಕ್ಕಿತು. ಆದರೆ ಎರಡನೇ ಸಲಕ್ಕೆ. ಮೊದಲನೆಯದು ಕೆಟ್ಟದ್ದು ನನ್ನಿಂದಲೇ, ಅದನ್ನು ಆಮೇಲೆ ಹೇಳುತ್ತೇನೆ. ಆಗ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ತಳಿ ಯಾವುದಾದರೂ ಸರಿ, ಲ್ಯಾಬ್, ಬೀಗಲ್, ಹಸ್ಕಿ, ಇಂಡೀ ಅನ್ನುವ ನಮ್ಮ ನಾಡ ನಾಯಿ, ಕೆಲಸ ಹೆಚ್ಚು ಕಡಿಮೆ ಇದೇ.

ಕೊಡಲೇಬೇಕಾ? ಮೂರು ವಾರ ನೋಡಿ

ಜನ ನಾಯಿ ಬಿಡಲು ಯೋಚಿಸುವುದು ಹೆಚ್ಚಾಗಿ ಅದಕ್ಕೆ ಎಂಟು ತಿಂಗಳಿಂದ ಒಂದೂವರೆ ವರ್ಷ ಆಗಿರುವಾಗ. ಇದು ನಾಯಿಯ ಹದಿಹರೆಯ. ಮೈ ದೊಡ್ಡದಾಗಿರುತ್ತದೆ, ಬುದ್ಧಿ ಇನ್ನೂ ಮರಿಯದ್ದು. ನಿನ್ನೆವರೆಗೆ "ಕೂತ್ಕೋ" ಅಂದರೆ ಕೂರುತ್ತಿದ್ದದ್ದು ಇವತ್ತು ಮುಖ ತಿರುಗಿಸಿಕೊಂಡು ಹೋಗುತ್ತದೆ. ಇದು ಕಳೆಯುವ ಹಂತ. ಹೆಚ್ಚಿನ ನಾಯಿಗಳು ಎರಡು ವರ್ಷದ ಹೊತ್ತಿಗೆ ಸಾಕಷ್ಟು ತಣ್ಣಗಾಗುತ್ತವೆ.

ಹಾಗಾಗಿ ಮೊದಲು ಡಾಕ್ಟರ ಹತ್ತಿರ ಹೋಗಿ. ಇದ್ದಕ್ಕಿದ್ದಂತೆ ಸಿಡುಕುವ, ಮುಟ್ಟಿದರೆ ಗುರ್ ಅನ್ನುವ ನಾಯಿಗೆ ಎಲ್ಲೋ ನೋಯುತ್ತಿರಬಹುದು. ಕಿವಿ ಸೋಂಕು, ಸೊಂಟದ ಕೀಲು, ಹಲ್ಲು, ಏನೂ ಆಗಬಹುದು. ನಮ್ಮೂರಲ್ಲಿ ಉಣುಗು ಕಚ್ಚಿ ಬರುವ ಟಿಕ್ ಫೀವರ್ ಬೇರೆ ಸಾಮಾನ್ಯ. ಒಂದು ರಕ್ತ ಪರೀಕ್ಷೆ ಮಾಡಿಸಿ. ಕ್ಲಿನಿಕ್ ಖರ್ಚು ಜಾಸ್ತಿ ಅನ್ನಿಸಿದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೆಳಗ್ಗೆ ಬೇಗ ಹೋಗಬೇಕು, ಕಾಯಬೇಕು, ಅಷ್ಟೇ.

ಮೈಯಲ್ಲಿ ಏನೂ ಇಲ್ಲವೆಂದಾದರೆ ದಿನಚರಿ ಬದಲಿಸಿ ನೋಡಿ. ಎಳೆ ನಾಯಿಗೆ ಓಟ ಎಷ್ಟು ಬೇಕೋ ತಲೆಗೆ ಕೆಲಸವೂ ಅಷ್ಟೇ ಬೇಕು. ಊಟವನ್ನು ತಟ್ಟೆಗೆ ಹಾಕುವ ಬದಲು ಹಳೆಯ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಕೊಡಿ, ಮೂಸಿ ಬಿಡಿಸಿ ತಿನ್ನಲಿ. ಒಳಗೆ ಟೊಳ್ಳಾದ ಗಟ್ಟಿ ರಬ್ಬರ್ ಆಟಿಕೆಗೆ ಒಗ್ಗರಣೆ ಇಲ್ಲದ ಮೊಸರನ್ನ ತುಂಬಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ನೆಕ್ಕುತ್ತಾ ಅರ್ಧ ಗಂಟೆ ಕೂರುತ್ತದೆ. ಒಂದು ಗಂಟೆ ಚೆಂಡು ಎಸೆಯುವುದಕ್ಕಿಂತ ಇಪ್ಪತ್ತು ನಿಮಿಷ ಮೂಸಿಕೊಂಡು ನಡೆಯಲು ಬಿಡುವುದು ಮೇಲು. ಹೊಡೆಯದೆ ಕಲಿಸುವ ಟ್ರೇನರ್ ಸಿಕ್ಕರೆ ನಾಲ್ಕು ಕ್ಲಾಸ್ ಮಾಡಿಸಿ. "ಹದಿನೈದು ದಿನ ನಮ್ಮ ಹತ್ರ ಬಿಡಿ, ಸರಿ ಮಾಡಿ ಕೊಡ್ತೀವಿ" ಅನ್ನುವವರ ಹತ್ತಿರ ಸುಮ್ನೆ ಬಿಡಬೇಡಿ. ಅಲ್ಲಿ ಏನು ನಡೆಯುತ್ತದೆ ಅಂತ ನಿಮಗೆ ಕಾಣುವುದಿಲ್ಲ.

ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಕಾಟಕ್ಕೆ ಹೆದರಿ ನಾಯಿ ಕೊಡುವವರಿಗೆ ಒಂದು ಮಾತು. ಸಾಕು ನಾಯಿಯನ್ನೇ ನಿಷೇಧಿಸುವ ಅಧಿಕಾರ ಅಸೋಸಿಯೇಷನ್‌ಗೆ ಇಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಇದನ್ನು ಸ್ಪಷ್ಟ ಮಾಡಿದೆ, ಲಿಫ್ಟ್ ಬಳಸಬೇಡಿ ಅನ್ನುವ ಹಾಗೂ ಇಲ್ಲ. ರಾಟ್‌ವೀಲರ್‌ನಂಥ ತಳಿ ಸಾಕಿದವರು ಅಂಥ ತಳಿಗಳನ್ನು ನಿಷೇಧಿಸಲು ಹೇಳಿ 2024ರ ಮಾರ್ಚ್‌ನಲ್ಲಿ ಬಂದ ಕೇಂದ್ರದ ಸುತ್ತೋಲೆಗೆ ಗಾಬರಿಯಾಗಿದ್ದರು. ಅದನ್ನು ಮರು ತಿಂಗಳೇ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು.

ಇಷ್ಟೆಲ್ಲ ಹೇಳಿದ ಮೇಲೂ, ಕೆಲವು ಮನೆಗಳಲ್ಲಿ ಕೊಡುವುದೇ ಸರಿ. ಮನೆಯಲ್ಲಿ ಬಿದ್ದರೆ ಮೂಳೆ ಮುರಿಯುವ ವಯಸ್ಸಿನವರಿದ್ದರೆ, ನಾಯಿ ಮಗುವಿನ ಮೇಲೆ ಹಲ್ಲು ಕಿಸಿದಿದ್ದರೆ, ನೋಡಿಕೊಳ್ಳುವ ಕೈಯೇ ಊರು ಬಿಟ್ಟಿದ್ದರೆ, ಎಳೆದಾಡುತ್ತಾ ಕೂರಬೇಡಿ. "ಪಾಪ, ಹೇಗೆ ಮನಸ್ಸು ಬಂತು" ಅನ್ನುವವರು ಸಿಕ್ಕೇ ಸಿಗುತ್ತಾರೆ. ಅವರಲ್ಲಿ ಯಾರೂ ಸಂಜೆ ಆರಕ್ಕೆ ನಿಮ್ಮ ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗುವುದಿಲ್ಲ.

ಇವು ಮಾತ್ರ ಬೇಡ

ಕಾರಿನಲ್ಲಿ ಕರೆದುಕೊಂಡು ಹೋಗಿ ನೈಸ್ ರಸ್ತೆಯ ಪಕ್ಕದಲ್ಲೋ ಹೊಸ ಲೇಔಟಿನಲ್ಲೋ ಬಿಟ್ಟು ಬರುವವರಿದ್ದಾರೆ. ಪ್ರತಿ ಬೀದಿಗೂ ಅಲ್ಲಿನ ನಾಯಿಗಳ ಗಡಿ ಇರುತ್ತದೆ. ಸಾಕಿದ ನಾಯಿ ಅಲ್ಲಿ ಮೊದಲ ರಾತ್ರಿಯೇ ಕಚ್ಚಿಸಿಕೊಳ್ಳುತ್ತದೆ, ಇಲ್ಲವೇ ಗಾಡಿಗೆ ಸಿಗುತ್ತದೆ. ಹಸಿವು ಬಾಯಾರಿಕೆಗೆ ಈಡಾಗುವ ಹಾಗೆ ಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಬೈಟು ಕಾಫಿಯ ದುಡ್ಡು. ಕಾನೂನಿಗೆ ಹೆದರಿ ಅಂತ ಅದಕ್ಕೇ ನಾನು ಹೇಳುತ್ತಿಲ್ಲ.

ಬೋರ್ಡಿಂಗ್‌ನಲ್ಲಿ ಬಿಟ್ಟು ಫೋನ್ ತೆಗೆಯದಿರುವುದು ಕೂಡ ಬಿಟ್ಟು ಹೋದ ಹಾಗೆಯೇ. ವಾಚ್‌ಮನ್‌ಗೆ "ಇಟ್ಕೊಳಪ್ಪಾ" ಅಂತ ಒಪ್ಪಿಸುವುದೂ ಅಷ್ಟೇ. ಅವರು ನಾಳೆ ಬೇರೆ ಸೈಟಿಗೆ ಹೋಗುತ್ತಾರೆ, ನಾಯಿ ಗೇಟಿನ ಹೊರಗೆ.

ಇನ್ನು ತೋಟದ ಮನೆ. ಬೆಂಗಳೂರಿನಲ್ಲಿ ನಾಯಿ ಕೊಡುವವರ ದೊಡ್ಡ ಕನಸೇ ಇದು. "ಕನಕಪುರ ಕಡೆ ತೋಟ ಇದೆ, ಆರಾಮಾಗಿ ಓಡಾಡ್ಕೊಂಡಿರುತ್ತೆ." ಕೆಲವು ತೋಟಗಳಲ್ಲಿ ನಿಜಕ್ಕೂ ಆರಾಮಾಗಿರುತ್ತದೆ. ಹಲವು ತೋಟಗಳಲ್ಲಿ ಮಾಲೀಕರು ಬರುವುದು ಭಾನುವಾರ, ಉಳಿದ ಆರು ದಿನ ನಾಯಿ ಪಂಪ್‌ಸೆಟ್ ಶೆಡ್ಡಿನ ಪಕ್ಕ ಚೈನಿನಲ್ಲಿ. ಬನ್ನೇರುಘಟ್ಟ, ಕನಕಪುರ, ರಾಮನಗರ, ಮಾಗಡಿ ಕಡೆ ಚಿರತೆ ಓಡಾಟವಿದೆ. ಚೈನಿನಲ್ಲಿರುವ ನಾಯಿ ಚಿರತೆಗೆ ಕಟ್ಟಿಟ್ಟ ಬುತ್ತಿ. ರಾತ್ರಿ ನಾಯಿ ಎಲ್ಲಿ ಮಲಗುತ್ತದೆ ಅಂತ ಕೇಳದೆ ತೋಟಕ್ಕೆ ಕೊಡಬೇಡಿ.

ಎಲ್ಲಿಂದ ಬಂತೋ ಅಲ್ಲಿ ಮೊದಲು ಕೇಳಿ

ಸಂಸ್ಥೆಯಿಂದ ದತ್ತು ತಂದ ನಾಯಿಯಾದರೆ ಆಗ ಸಹಿ ಹಾಕಿದ ಕಾಗದ ಹುಡುಕಿ. ಸಾಕಲಾಗದಿದ್ದರೆ ನಮಗೇ ವಾಪಸ್ ಕೊಡಬೇಕು ಅನ್ನುವ ಷರತ್ತು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ನಾಚಿಕೆ ಪಡದೆ ಫೋನ್ ಮಾಡಿ. ಮರಿ ಮಾರಿದವರ ನಂಬರ್ ಇದ್ದರೆ ಅವರಿಗೂ ಹೇಳಿ. ಒಳ್ಳೆಯ ಬ್ರೀಡರ್ ತನ್ನ ಮರಿ ಬೀದಿಗೆ ಬೀಳಲು ಬಿಡುವುದಿಲ್ಲ. ನಮಗೆ ಮಾರಿದವರು ಅಂಥವರಾಗಿರಲಿಲ್ಲ, ಎರಡನೇ ಫೋನಿಗೆ ನಂಬರ್ ಬ್ಲಾಕ್ ಮಾಡಿದರು.

ಆಮೇಲೆ ಪ್ರಾಣಿ ಸಂಸ್ಥೆಗಳು. ಬೆಂಗಳೂರಿನಲ್ಲಿ ಕೂಪಾ, ಯಲಹಂಕ ಕಡೆಯ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಮುಂತಾದವು ಇವೆ. 1991ರಿಂದ ಕೆಲಸ ಮಾಡುತ್ತಿರುವ ಕೂಪಾ ಪ್ರಯೋಗಾಲಯಗಳಿಂದ ಬಿಡುಗಡೆಯಾದ ಬೀಗಲ್‌ಗಳಿಗೂ ಮನೆ ಹುಡುಕಿಕೊಟ್ಟಿದೆ. ಆದರೆ ಫೋನ್ ಮಾಡುವ ಮೊದಲು ಒಂದು ವಿಷಯ ತಿಳಿದಿರಲಿ. ಶೆಲ್ಟರುಗಳು ಗಾಯಗೊಂಡ, ದಿಕ್ಕಿಲ್ಲದ ಪ್ರಾಣಿಗಳಿಂದಲೇ ತುಂಬಿರುತ್ತವೆ. ಮನೆಯಿರುವ, ಗಟ್ಟಿಮುಟ್ಟಾದ ನಾಯಿಗೆ ಜಾಗವಿಲ್ಲ ಅಂದರೆ ಕೋಪ ಮಾಡಿಕೊಳ್ಳಬೇಡಿ. ಚುರುಕಾದ ಎಳೆ ನಾಯಿ ಕೆನಲ್‌ನಲ್ಲಿ ಕೂತರೆ ಇನ್ನೂ ಹುಚ್ಚುಹುಚ್ಚಾಗುತ್ತದೆ ಕೂಡ. ಹೀಗೆ ಕೇಳಿ: "ನಾಯಿ ನಮ್ಮ ಮನೇಲೇ ಇರುತ್ತೆ, ಖರ್ಚೂ ನಮ್ಮದೇ. ನಿಮ್ಮ ಪೇಜ್‌ನಲ್ಲಿ ಒಂದು ಪೋಸ್ಟ್ ಹಾಕ್ತೀರಾ?" ಇದಕ್ಕೆ ಬೇಗ ಒಪ್ಪುತ್ತಾರೆ.

ಕಾಗದ, ಇಂಜೆಕ್ಷನ್, ಆಪರೇಷನ್

ಲಸಿಕೆ ಕಾರ್ಡ್ ಸರಿಯಾಗಿರಲಿ, ರೇಬೀಸ್ ಇಂಜೆಕ್ಷನ್ ಅವಧಿ ಮೀರಿರಬಾರದು. ಜಂತಿನ ಔಷಧಿ ಕೊಟ್ಟಿರಿ. ಮೈಕ್ರೋಚಿಪ್ ಹಾಕಿಸಿದ್ದರೆ ನಂಬರ್ ಬರೆದಿಟ್ಟುಕೊಳ್ಳಿ. ಮೊದಲು ಬಿಬಿಎಂಪಿ ಕೊಡುತ್ತಿದ್ದ ನಾಯಿ ಲೈಸೆನ್ಸ್ ಇದ್ದರೆ ಅದನ್ನೂ ಫೈಲಿಗೆ ಸೇರಿಸಿ. 2025ರ ಸೆಪ್ಟೆಂಬರ್‌ನಿಂದ ಊರು ಐದು ಪಾಲಿಕೆಗಳಾಗಿರುವುದರಿಂದ ಹೊಸ ಮನೆಯವರು ತಮ್ಮ ಪಾಲಿಕೆಯಲ್ಲಿ ವಿಚಾರಿಸಿಕೊಳ್ಳಬೇಕು.

ಮರಿಯಾಗದ ಆಪರೇಷನ್ ಮಾತ್ರ ನೀವೇ ಮಾಡಿಸಿ ಕೊಡಿ. ಖರ್ಚು ಅಂತ ಮುಂದೂಡಬೇಡಿ. ತಳಿ ನಾಯಿ ಪುಕ್ಕಟೆ ಸಿಗುತ್ತದೆ ಅಂದರೆ ಮೊದಲು ಮೂಸಿಕೊಂಡು ಬರುವವರು ಮರಿ ಹಾಕಿಸಿ ಮಾರುವವರು. ಹೆಣ್ಣು ನಾಯಿಯಾದರಂತೂ ಮುಗಿದೇ ಹೋಯಿತು. "ಆಪರೇಷನ್ ಆಗಿದೆ" ಅನ್ನುವ ಎರಡು ಪದಕ್ಕೆ ಅವರ ಫೋನು ತಾನಾಗಿ ಕಟ್ ಆಗುತ್ತದೆ. ಮುಧೋಳದಂಥ ತೆಳು ಮೈಯ ಬೇಟೆ ನಾಯಿಯಾದರೆ ಅರಿವಳಿಕೆ ಬಗ್ಗೆ ಡಾಕ್ಟರ ಹತ್ತಿರ ಮೊದಲೇ ಮಾತಾಡಿ. ಕೆಲವು ಔಷಧಿಗಳ ಅಮಲು ಈ ನಾಯಿಗಳಿಗೆ ಬೇಗ ಇಳಿಯುವುದಿಲ್ಲ.

ನಾಯಿಯ ಜಾತಕ ಬರೆಯಿರಿ

ನಾನು ಎಡವಿದ್ದು ಇಲ್ಲೇ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ನಾನು ಅದನ್ನೇ ನಂಬಿದೆ. "ತುಂಬಾ ಫ್ರೆಂಡ್ಲಿ, ಮಕ್ಕಳ ಜೊತೆ ಚೆನ್ನಾಗಿರ್ತಾನೆ, ಸ್ವಲ್ಪ ಆಕ್ಟಿವ್" ಅಂತ ಬರೆದೆ. ಯಾವುದೂ ಪೂರ್ತಿ ಸುಳ್ಳಲ್ಲ. ದೊಡ್ಡಬಳ್ಳಾಪುರ ಹತ್ತಿರದ ಹಿರಿಯರೊಬ್ಬರು ಮನೆ ಮುಂದೆ ದೊಡ್ಡ ಜಾಗವಿದೆ ಅಂದರು, ಒಳ್ಳೆಯ ಜನ, ಕೊಟ್ಟು ಬಂದೆ. ಅವರು ಕೋಳಿ ಸಾಕಿದ್ದರು. ನನಗೆ ಕಂಡಿತ್ತು. ಬೆಕ್ಕು ಕಂಡರೆ ಇವನು ಹೇಗಾಡುತ್ತಾನೆ ಅಂತ ಹೇಳಬೇಕು ಅನ್ನಿಸಿತ್ತು, ಹೇಳಿದರೆ ಬೇಡ ಅಂದುಬಿಡುತ್ತಾರೇನೋ ಅಂತ ಬಾಯಿ ಮುಚ್ಚಿಕೊಂಡೆ. ಒಂಬತ್ತನೇ ದಿನ ಫೋನ್. "ಏನಮ್ಮಾ, ನಿನ್ ನಾಯಿ ಆರು ಕೋಳಿ ಹಿಡಿದು ಹಾಕೈತೆ. ಹೊಡ್ಯಾಕೆ ಮನಸ್ ಬರ್ಲಿಲ್ಲ. ಬಂದು ಕರ್ಕೊಂಡೋಗು." ಕೋಳಿಯ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ವಾಪಸ್ ಬರುವಾಗ ಯಲಹಂಕದವರೆಗೂ ಬಾಣ ಕಾರಿನ ಹಿಂದಿನ ಸೀಟಿನಲ್ಲಿ ನಿಂತೇ ಇದ್ದ, ಕೂರಲಿಲ್ಲ.

ಎಂಟು ದಿನ ಬಿಟ್ಟು, ಅಮ್ಮನನ್ನು ಎದುರು ಕೂರಿಸಿಕೊಂಡು ಬೇರೆ ಕಾಗದ ಬರೆದೆ. ಅಮ್ಮನಿಗೆ ಮುಲಾಜಿಲ್ಲ, ಹೇಳುತ್ತಾ ಹೋದಳು, ನಾನು ಬರೆದೆ. ಅದು ಹೀಗಿತ್ತು:

"ಬಾಣ, ಗಂಡು, ಮುಧೋಳ, ಹದಿಮೂರು ತಿಂಗಳು. ಆಪರೇಷನ್ ಆಗಿದೆ. ಬೆಕ್ಕು, ಕೋಳಿ, ಅಳಿಲು, ಓಡುವ ಯಾವುದಾದರೂ ಸಣ್ಣ ಪ್ರಾಣಿ ಇರುವ ಮನೆಗೆ ಆಗುವುದಿಲ್ಲ, ಕೊಲ್ಲುತ್ತಾನೆ. ಗೇಟು ತೆರೆದಿದ್ದರೆ ಹೋಗುತ್ತಾನೆ, ಕರೆದರೆ ಬರುವುದಿಲ್ಲ. ಐದಡಿ ಗೋಡೆ ಹಾರುತ್ತಾನೆ. ಗೊತ್ತಿಲ್ಲದವರು ತಲೆ ಸವರಿದರೆ ಹಿಂದೆ ಸರಿಯುತ್ತಾನೆ, ಮೂಲೆಗೆ ಒತ್ತಿದರೆ ಗುರ್ ಅನ್ನುತ್ತಾನೆ, ಇದುವರೆಗೆ ಕಚ್ಚಿಲ್ಲ. ಎರಡು ಚಪ್ಪಲಿ, ಒಂದು ಸೋಫಾ ತಿಂದಿದ್ದಾನೆ. ದಿನಕ್ಕೆ ಎರಡು ಸಲ ಒಳ್ಳೆಯ ಓಟ ಸಿಕ್ಕರೆ ಉಳಿದ ಹೊತ್ತು ಬಟ್ಟೆಯ ಗಂಟಿನ ಹಾಗೆ ಬಿದ್ದಿರುತ್ತಾನೆ. ಬೊಗಳುವುದು ಕಡಿಮೆ. ಮನೆಯೊಳಗೆ ಗಲೀಜು ಮಾಡುವುದಿಲ್ಲ. ಚಳಿಗಾಲದಲ್ಲಿ ಕಂಬಳಿ ಬೇಕು. ಗುಡುಗಿಗೆ ಹೆದರುವುದಿಲ್ಲ, ಪಟಾಕಿಗೆ ಹೆದರುತ್ತಾನೆ."

ಓದಿದ ಗೆಳತಿ "ಇದನ್ನ ನೋಡಿ ಯಾರು ಬರ್ತಾರೆ?" ಅಂತ ನಕ್ಕಳು. ಬಂದವರು ಕಡಿಮೆ, ನಿಜ. ಮೊದಲನೇ ಪೋಸ್ಟಿಗೆ ನಲವತ್ತು ಫೋನ್ ಬಂದಿದ್ದವು, ಇದಕ್ಕೆ ಐದು. ಆದರೆ ಐದರಲ್ಲಿ ಎರಡು ನಿಜವಾಗಿ ಬೇಟೆ ನಾಯಿ ಬೇಕಿದ್ದವರದು.

ನೀವೂ ಬರೆಯುವಾಗ "ಅಗ್ರೆಸಿವ್", "ಹೈಪರ್" ಅಂತ ಬಿರುದು ಕೊಡಬೇಡಿ. ಏನು ಮಾಡುತ್ತದೆ, ಯಾವಾಗ ಮಾಡುತ್ತದೆ ಅಂತ ಬರೆಯಿರಿ. "ಊಟದ ತಟ್ಟೆ ಹತ್ತಿರ ಕೈ ಹಾಕಿದರೆ ಗುರ್ ಅನ್ನುತ್ತದೆ" ಅಂದರೆ ಕೇಳುವವರಿಗೆ ಒಂದು ಚಿತ್ರ ಸಿಗುತ್ತದೆ. ಎಷ್ಟು ಹೊತ್ತು ಒಂಟಿಯಾಗಿ ಇರಬಲ್ಲದು, ಬೈಕ್ ಹಿಂದೆ ಓಡುತ್ತದಾ, ಬೇರೆ ನಾಯಿ ಕಂಡರೆ ಹೇಗೆ, ಉಗುರು ಕತ್ತರಿಸಲು ಬಿಡುತ್ತದಾ, ಕಾರಿನಲ್ಲಿ ವಾಂತಿ ಮಾಡುತ್ತದಾ, ಎಲ್ಲ ಬರಲಿ. ಕಚ್ಚಿದ್ದರೆ ಯಾರನ್ನು, ಯಾವಾಗ, ಹಲ್ಲು ಇಳಿದಿತ್ತಾ ಅಂತ ಬಿಡಿಸಿ ಬರೆಯಿರಿ. ಕಚ್ಚಿದ ನಾಯಿಯನ್ನು ಮುಚ್ಚಿಟ್ಟು ಕೊಡುವುದು ಇನ್ನೊಬ್ಬರ ಮಗುವಿನ ಜೊತೆ ಆಡುವ ಆಟ. ಅಂಥ ನಾಯಿಗೆ ಮೊದಲು ವರ್ತನೆ ಬಲ್ಲ ವೈದ್ಯರ ಸಲಹೆ ಬೇಕು. ಮನೆ ಹುಡುಕುವುದಾ ಬೇಡವಾ ಅನ್ನುವುದು ಆಮೇಲಿನ ಮಾತು.

ಪೋಸ್ಟ್ ಹಾಕುವುದು

ಫೋಟೋ ಹಗಲು ಬೆಳಕಿನಲ್ಲಿ, ನಾಯಿಯ ಕಣ್ಣಿನ ಎತ್ತರಕ್ಕೆ ಕೂತು ತೆಗೆಯಿರಿ. ಒಂದು ಮುಖ, ಒಂದು ಪೂರ್ತಿ ಮೈ, ಪಕ್ಕದಲ್ಲಿ ಮನುಷ್ಯ ನಿಂತಿರುವ ಒಂದು, ಗಾತ್ರ ತಿಳಿಯಲಿ ಅಂತ. ಅರ್ಧ ನಿಮಿಷದ ವಿಡಿಯೋದಲ್ಲಿ ಚೈನ್ ಎಳೆಯುವುದೂ ಕಾಣಲಿ. ಮನೆ ವಿಳಾಸ ಬೇಡ, ಏರಿಯಾ ಹೆಸರು ಸಾಕು. "ಅರ್ಜೆಂಟ್, ನಾಳೆ ಒಳಗೆ" ಅಂತ ಬರೆದರೆ ಅವಸರದ ಜನವೇ ಬರುತ್ತಾರೆ.

ಎಲ್ಲಿ ಹಾಕಬೇಕು? ನಿಮ್ಮ ಡಾಕ್ಟರ ಕ್ಲಿನಿಕ್‌ನಲ್ಲಿ ಮೊದಲು ಹೇಳಿ. ಹೋದ ತಿಂಗಳು ನಾಯಿ ಕಳೆದುಕೊಂಡವರು ಯಾರು ಅಂತ ಅವರಿಗೆ ಗೊತ್ತಿರುತ್ತದೆ. ಏರಿಯಾದ ವಾಟ್ಸಾಪ್ ಗುಂಪು, ಇನ್‌ಸ್ಟಾಗ್ರಾಂ ಎಲ್ಲ ಸರಿ. ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕ್‌ಗೆ ಹೋದರೆ ನಾಯಿ ಸಾಕಿದವರ ಸಂತೆಯೇ ಇರುತ್ತದೆ. ಅಲ್ಲಿ ಬಾಯಿಂದ ಬಾಯಿಗೆ ಹೋಗುವ ಮಾತು ಪೋಸ್ಟಿಗಿಂತ ಗಟ್ಟಿ. ಬಾಣನ ಸುದ್ದಿ ಹೊಸ ಮನೆಗೆ ಮುಟ್ಟಿದ್ದು ಅಲ್ಲಿಂದಲೇ.

ದುಡ್ಡಿಗೆ ಮಾರುವ ಕಡೆ ಹಾಕಬೇಡಿ. ತೀರಾ ಪುಕ್ಕಟೆ ಅಂತಲೂ ಬರೆಯಬೇಡಿ. "ವಿಚಾರಿಸಿ ಕೊಡುತ್ತೇವೆ" ಅನ್ನುವುದು ಸಾಕು.

ಫೋನ್ ಬಂದಾಗ

ಮೊದಲು ಅವರು ಕೇಳುವುದನ್ನು ಗಮನಿಸಿ. "ಮೇಟಿಂಗ್ ಆಗಿದ್ಯಾ? ಪೇಪರ್ಸ್ ಇದ್ಯಾ?" ಅಂತ ಶುರು ಮಾಡಿದವರಿಗೆ ನಮಸ್ಕಾರ ಹೇಳಿ ಇಡಿ. "ಈಗ್ಲೇ ಗಾಡಿ ಕಳಿಸ್ತೀನಿ" ಅನ್ನುವವರಿಗೂ ಅದೇ. "ಏನು ತಿನ್ನುತ್ತೆ? ಯಾಕೆ ಕೊಡ್ತಿದ್ದೀರಾ?" ಅನ್ನುವವರ ಜೊತೆ ಮಾತು ಮುಂದುವರಿಸಿ.

ನಿಮ್ಮ ಪ್ರಶ್ನೆಗಳು ಪೊಲೀಸ್ ವಿಚಾರಣೆಯಂತೆ ಇರಬಾರದು. ಆದರೂ ಕೆಲವನ್ನು ಬಿಡುವ ಹಾಗಿಲ್ಲ. ಸ್ವಂತ ಮನೆಯಾ, ಬಾಡಿಗೆಯಾ? ಬಾಡಿಗೆಯಾದರೆ ಓನರ್ ಒಪ್ಪಿದ್ದಾರಾ? ಹಗಲು ಮನೆಯಲ್ಲಿ ಯಾರಿರುತ್ತಾರೆ? ಮನೆಯ ಎಲ್ಲರಿಗೂ ಇಷ್ಟವಾ, ಅತ್ತೆ ಮಾವನಿಗೂ? ಮೊದಲು ಸಾಕಿದ ನಾಯಿ ಏನಾಯಿತು? ಈ ಕೊನೆಯ ಪ್ರಶ್ನೆ ತುಂಬಾ ಹೇಳುತ್ತದೆ. "ಹನ್ನೆರಡು ವರ್ಷ ಇತ್ತು, ಹೋದ ವರ್ಷ ಹೋಯ್ತು" ಅಂತ ಧ್ವನಿ ಸಣ್ಣದಾದರೆ ಒಂದು ರೀತಿ. "ಎಲ್ಲೋ ತಪ್ಪಿಸ್ಕೊಂಡು ಹೋಯ್ತು, ಅದರ ಮುಂಚಿನದೂ ಹಾಗೇ" ಅಂದರೆ ಇನ್ನೊಂದು ರೀತಿ. ಮಗನ ಹುಟ್ಟುಹಬ್ಬಕ್ಕೆ ಅಚ್ಚರಿ ಕೊಡಲು ನಾಯಿ ಕೇಳುವವರಿಗೆ ಸೈಕಲ್ ಕೊಡಿಸಲು ಹೇಳಿ.

ಭೇಟಿ, ಮನೆ ನೋಡುವುದು

ಮೊದಲ ಭೇಟಿ ಹೊರಗಿರಲಿ, ಒಂದು ಶಾಂತ ರಸ್ತೆಯಲ್ಲಿ. ಅವರ ಮನೆಯಲ್ಲಿ ನಾಯಿ ಇದ್ದರೆ ಎರಡನ್ನೂ ಎದುರುಬದುರು ನಿಲ್ಲಿಸದೆ ಒಂದೇ ದಿಕ್ಕಿಗೆ ದೂರ ದೂರ ನಡೆಸಿ. ಚೈನ್ ಅವರ ಕೈಗೆ ಕೊಡಿ. ಎಳೆದಾಗ ಬೈಯುತ್ತಾರಾ, ನಗುತ್ತಾರಾ, ಜಗ್ಗುತ್ತಾರಾ ನೋಡಿ. ನಾಯಿ ಇಷ್ಟವಾಯಿತಾ ಅನ್ನುವುದಕ್ಕಿಂತ ಈ ನಾಯಿಯ ಕಾಟ ಅವರಿಗೆ ಕಾಟ ಅನ್ನಿಸುತ್ತದಾ ಅನ್ನುವುದನ್ನು ನೋಡಬೇಕು.

ಎರಡನೇ ಸಲ ಅವರ ಮನೆಗೆ ಹೋಗಿ. ಟೆರೇಸಿನ ಮೋಟುಗೋಡೆ ಎಷ್ಟು ಎತ್ತರ? ಬಾಲ್ಕನಿ ಗ್ರಿಲ್ ಸಂದಿನಲ್ಲಿ ತಲೆ ತೂರುತ್ತದಾ? ಗೇಟಿನ ಕೆಳಗೆ ಜಾಗವಿದೆಯಾ? ಹಾಲು, ಪೇಪರ್, ಗ್ಯಾಸ್ ತರುವವರು ಬಂದಾಗ ಗೇಟು ಯಾರು ಮುಚ್ಚುತ್ತಾರೆ? ಬಾಣನ ವಿಷಯದಲ್ಲಿ ಜಕ್ಕೂರಿನ ದಂಪತಿ ಗೋಡೆಯ ಮೇಲೆ ಎರಡಡಿ ಜಾಲರಿ ಹಾಕಿಸುವವರೆಗೂ ಕಾದೆವು. ಗಂಡ ದಿನಾ ಬೆಳಗ್ಗೆ ಹತ್ತು ಕಿಲೋಮೀಟರ್ ಓಡುವ ಮನುಷ್ಯ, ಜೊತೆಗೊಬ್ಬ ಬೇಕಿತ್ತು. ಹೆಂಡತಿ ನನ್ನ ಕಾಗದವನ್ನು ಪ್ರಿಂಟ್ ಮಾಡಿ ಫ್ರಿಜ್ಜಿಗೆ ಅಂಟಿಸಿದ್ದರು.

ಪಕ್ಕಾ ಮಾಡುವ ಮೊದಲು ಎರಡು ವಾರ ಪರೀಕ್ಷೆಗೆ ಇಟ್ಟುಕೊಳ್ಳಲಿ. ಹೊಂದದಿದ್ದರೆ ಯಾರ ಮೇಲೂ ತಪ್ಪು ಹೊರಿಸದೆ ವಾಪಸ್ ತರಬಹುದು ಅನ್ನುವ ಧೈರ್ಯ ಇಬ್ಬರಿಗೂ ಇರುತ್ತದೆ.

ಒಂದು ಪುಟ ಬರೆದುಕೊಳ್ಳಿ. ಇಬ್ಬರ ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ, ನಾಯಿಯ ವಿವರ, ಮಾರುವುದಿಲ್ಲ, ಬೇರೆಯವರಿಗೆ ಕೊಡುವುದಿಲ್ಲ, ಆಗದಿದ್ದರೆ ನಮಗೇ ತಿಳಿಸುತ್ತೇವೆ ಅನ್ನುವ ಮಾತು, ಸಹಿ. ನಿಮ್ಮ ಜಾತಕದ ಕಾಗದಕ್ಕೂ ಅವರ ಸಹಿ ಹಾಕಿಸಿ. ಎಲ್ಲ ಗೊತ್ತಿದ್ದೇ ಒಪ್ಪಿದರು ಅನ್ನುವುದಕ್ಕೆ ಅದು ದಾಖಲೆ.

ಕೊಟ್ಟು ಬರುವ ದಿನ

ದೀಪಾವಳಿಯ ಹಿಂದಿನ ಮುಂದಿನ ವಾರ ಬೇಡವೇ ಬೇಡ. ಹೊಸ ಜಾಗ, ಪಟಾಕಿ ಸದ್ದು, ತೆರೆದ ಗೇಟು, ಮೂರೂ ಸೇರಿದರೆ ನಾಯಿ ಕೈಗೆ ಸಿಗುವುದಿಲ್ಲ. ಶನಿವಾರ ಬೆಳಗ್ಗೆ ಒಳ್ಳೆಯದು, ಮನೆಯವರಿಗೆ ಎರಡು ದಿನ ರಜೆ ಇರುತ್ತದೆ, ರಸ್ತೆಯೂ ಖಾಲಿ.

ಹೋಗುವ ಮೊದಲು ಚೆನ್ನಾಗಿ ಓಡಿಸಿ. ಸ್ನಾನ ಮಾಡಿಸಬೇಡಿ. ಅದು ಮಲಗುವ ಹಳೆಯ ಬೆಡ್‌ಶೀಟನ್ನು ಒಗೆಯದೆ ಕಳಿಸಿ, ನಿಮ್ಮ ಮನೆಯ ವಾಸನೆ ಕೆಲವು ದಿನ ಜೊತೆಗಿರಲಿ. ಈಗ ತಿನ್ನುವ ಆಹಾರ ಹತ್ತು ದಿನಕ್ಕಾಗುವಷ್ಟು ಕೊಡಿ. ಒಮ್ಮೆಲೇ ಬದಲಿಸಿದರೆ ಭೇದಿ ಆಗುತ್ತದೆ, "ನಾಯಿಗೆ ಕಾಯಿಲೆ ಇತ್ತು, ಹೇಳಲಿಲ್ಲ" ಅನ್ನುವ ಮಾತು ಬರುತ್ತದೆ. ಕರೆಯುವ ಪದಗಳನ್ನೂ ಬರೆದುಕೊಡಿ. ನಮ್ಮವನಿಗೆ "ಬಾರೋ" ಗೊತ್ತು, "ಕಮ್" ಗೊತ್ತಿಲ್ಲ.

ಬೆಲ್ಟ್ ವಿಷಯ ಸಣ್ಣದಲ್ಲ. ಮುಧೋಳದಂಥ ನಾಯಿಗಳಿಗೆ ತಲೆ ಸಣ್ಣ, ಕುತ್ತಿಗೆ ದಪ್ಪ. ಸಾಮಾನ್ಯ ಬೆಲ್ಟ್ ಹಿಂದಕ್ಕೆ ಜಗ್ಗಿದರೆ ಬಳೆಯ ಹಾಗೆ ಕಳಚಿ ಬರುತ್ತದೆ. ಎಳೆದಾಗ ಸ್ವಲ್ಪ ಬಿಗಿಯಾಗುವ ಅಗಲದ ಮಾರ್ಟಿಂಗೇಲ್ ಬೆಲ್ಟ್ ಹಾಕಿ. ಯಾವ ತಳಿಯಾದರೂ ಮೊದಲ ತಿಂಗಳು ಬೆಲ್ಟಿಗೊಂದು, ಹಾರ್ನೆಸ್‌ಗೊಂದು, ಎರಡು ಚೈನ್ ಇರಲಿ. ಬಿಲ್ಲೆಯ ಮೇಲೆ ಎರಡೂ ಮನೆಯ ಫೋನ್ ನಂಬರ್ ಇರಲಿ. ಹೊಸ ಮನೆಯಿಂದ ತಪ್ಪಿಸಿಕೊಂಡ ನಾಯಿಗೆ ಹೊಸ ವಿಳಾಸ ಇನ್ನೂ ತಲೆಯಲ್ಲಿ ಕೂತಿರುವುದಿಲ್ಲ.

ಒಪ್ಪಿಸಿ, ಕಾಫಿ ಕುಡಿದು, ಎದ್ದು ಬನ್ನಿ. ತಬ್ಬಿಕೊಂಡು ಅಳುವುದು ಕಾರಿನಲ್ಲಿ ಮಾಡಿ.

ಆಮೇಲೆ

ನಾಯಿ ಕೆಲಸ ಮಾಡುವವರಲ್ಲಿ ಒಂದು ಅಂದಾಜಿನ ಲೆಕ್ಕವಿದೆ: ಮೂರು ದಿನ, ಮೂರು ವಾರ, ಮೂರು ತಿಂಗಳು. ಮೂರು ದಿನ ಗಾಬರಿ, ಊಟ ಬಿಡಬಹುದು, ಮೂಲೆ ಹಿಡಿದು ಕೂರಬಹುದು. ಮೂರು ವಾರಕ್ಕೆ ದಿನಚರಿ ತಿಳಿಯುತ್ತದೆ, ತುಂಟತನವೂ ಹೊರಗೆ ಬರುತ್ತದೆ. ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನಿಸುತ್ತದೆ. ಇದನ್ನು ಹೊಸಬರಿಗೆ ಮೊದಲೇ ಹೇಳಿ. ಮೊದಲ ವಾರದ ಸಾಧು ನಾಯಿಯನ್ನು ನೋಡಿ "ಎಷ್ಟು ಒಳ್ಳೇದು" ಅಂದವರು ನಾಲ್ಕನೇ ವಾರ ಬೆಚ್ಚಿ ಬೀಳಬಾರದು. ಮೊದಲ ವಾರ ನೆಂಟರನ್ನು ಕರೆದು ತೋರಿಸುವುದೂ ಬೇಡ.

ಏನಾದರೂ ಹಲ್ಲು ತಾಗಿದರೆ, ಲಸಿಕೆ ಆದ ನಾಯಿಯೇ ಆಗಿರಲಿ, ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಹಚ್ಚುವುದು ಬೇಡ.

ಫೋನ್ ಮೂರನೇ ದಿನ ಒಂದು, ವಾರಕ್ಕೊಂದು, ಆಮೇಲೆ ತಿಂಗಳಿಗೊಂದು ಸಾಕು. ದಿನಾ ಫೋಟೋ ಕೇಳಿದರೆ ಅವರಿಗೆ ಅದು ನಿಮ್ಮ ನಾಯಿಯಾಗಿಯೇ ಉಳಿಯುತ್ತದೆ. ಹೋಗಿ ನೋಡುವುದು ಮೂರು ತಿಂಗಳ ನಂತರ, ಅದೂ ಅವರು ಕರೆದರೆ. ಅಮ್ಮ ಇಲ್ಲಿಯವರೆಗೂ ಹೋಗಿಲ್ಲ. "ನನ್ನನ್ನ ಮತ್ತೆ ಬೀಳಿಸ್ಲಿ ಅಂತಾನಾ?" ಅನ್ನುತ್ತಾಳೆ. ಆದರೆ ಜಕ್ಕೂರಿನಿಂದ ವಿಡಿಯೋ ಬಂದರೆ ಕನ್ನಡಕ ಹುಡುಕುವುದು ಅವಳೇ.

ಇನ್ನೊಂದು ಕೆಲಸ ಉಳಿಯುತ್ತದೆ, ನಾನು ಮರೆತಿದ್ದೆ. ಮನೆ ಪಕ್ಕಾ ಆದ ದಿನವೇ ಎಲ್ಲ ಪೋಸ್ಟ್ ಅಳಿಸಿ, ಗುಂಪುಗಳಲ್ಲಿ "ಮನೆ ಸಿಕ್ಕಿದೆ" ಅಂತ ಹಾಕಿ. ಫಾರ್ವರ್ಡ್ ಆದ ಮೆಸೇಜಿಗೆ ಸಾವಿಲ್ಲ. ಬಾಣ ಹೋಗಿ ಎರಡು ವರ್ಷ ಆಯಿತು, ಹೋದ ವಾರ ಕೂಡ ಕೆಂಗೇರಿಯಿಂದ ಒಬ್ಬರು ಫೋನ್ ಮಾಡಿದ್ದರು. "ಮೇಡಂ, ಆ ಕೋಳಿ ಹಿಡಿಯೋ ನಾಯಿ ಇನ್ನೂ ಇದ್ಯಾ?"